ಒಂದೇ ಬಯಲಿನ ಕುದುರೆಗಳು: ಜಗಳ, ಒದೆ ಮತ್ತು ಗಾಯ



ಎಂಟು ಕುದುರೆಗಳು ಒಂದು ಬಯಲಿನಲ್ಲಿ ಮೇಯುತ್ತಿವೆ ಎಂದುಕೊಳ್ಳಿ. ಬೆಳಗಿನ ಹೊತ್ತು. ಎಲ್ಲವೂ ತಲೆ ತಗ್ಗಿಸಿ ಹುಲ್ಲು ಕೀಳುತ್ತಿವೆ. ಇದಕ್ಕಿಂತ ಶಾಂತವಾದ ದೃಶ್ಯ ಬೇರೊಂದಿಲ್ಲ ಎಂದು ನಮಗೆ ತೋರುತ್ತದೆ. ಈಗ ಅವುಗಳಲ್ಲಿ ಒಂದರ ಮೇಲೆ ಮಾತ್ರ ಕಣ್ಣಿಟ್ಟು ಹತ್ತು ನಿಮಿಷ ನೋಡಿ. ಕಂದು ಬಣ್ಣದ ಹೆಣ್ಣು ಕುದುರೆಯೊಂದು ಎರಡು ಹೆಜ್ಜೆ ಮುಂದಿಡುತ್ತದೆ. ಕಿವಿಗಳನ್ನು ಕ್ಷಣಕಾಲ ಹಿಂದಕ್ಕೆ ಮಡಿಸುತ್ತದೆ. ಅದರ ಎದುರಿಗಿದ್ದ ಬಿಳಿ ಕುದುರೆ ತಲೆಯನ್ನೂ ಪೂರ್ತಿ ಎತ್ತದೆ ಪಕ್ಕಕ್ಕೆ ಸರಿದುಹೋಗುತ್ತದೆ. ಅಷ್ಟೇ. ಅಲ್ಲೊಂದು ಜಗಳ ಹುಟ್ಟಿ, ತೀರ್ಮಾನವಾಗಿ, ಮುಗಿದೂ ಹೋಯಿತು. ಯಾರೂ ಯಾರನ್ನೂ ಮುಟ್ಟಲಿಲ್ಲ.

ಕುದುರೆಗಳ ನಡುವಿನ ಹೆಚ್ಚಿನ ಜಗಳಗಳು ಹೀಗೆಯೇ ಮುಗಿಯುತ್ತವೆ. ಒದೆಯೆಂಬುದು ಅವುಗಳ ಮಾತುಕತೆಯ ಕೊನೆಯ ಮಾತು. ಮೊದಲಿನ ಮಾತುಗಳು ಕೇಳಿಸಿಯೂ ಸರಿದುಹೋಗಲು ಜಾಗವಿಲ್ಲದ ಕುದುರೆಗೆ ಒದೆ ಬೀಳುತ್ತದೆ. ಇಂದಿನ ನನ್ನ ಮಾತೆಲ್ಲ ಈ ಒಂದು ವಿಷಯದ ಸುತ್ತಲೇ ಇರುತ್ತದೆ.

ಕುದುರೆ ಎಂದೊಡನೆ ನಮಗೆ ನೆನಪಾಗುವುದು ಮೈಸೂರು ದಸರೆಯ ಅಶ್ವದಳ, ರೇಸಿನ ಮೈದಾನ, ಇಲ್ಲವೇ ಜಟಕಾ ಗಾಡಿ. ಮೂರರಲ್ಲೂ ಕುದುರೆ ಕಡಿವಾಣದಲ್ಲಿರುತ್ತದೆ, ಮನುಷ್ಯನ ಕೈಯಲ್ಲಿರುತ್ತದೆ. ಕಡಿವಾಣ ಕಳಚಿ ನಾಲ್ಕಾರು ಕುದುರೆಗಳನ್ನು ಒಂದೇ ಬೇಲಿಯೊಳಗೆ ಬಿಟ್ಟಾಗ ನಡೆಯುವುದು ನಮಗೆ ಅಷ್ಟಾಗಿ ತಿಳಿದಿಲ್ಲ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಹೆಸರಾದದ್ದು. ಅಂತಹ ದೊಡ್ಡ ತಳಿ ಕೇಂದ್ರಗಳಲ್ಲಿ ಯಾವ ಕುದುರೆಯನ್ನು ಯಾವುದರ ಜೊತೆ, ಎಷ್ಟು ಬಯಲಿನಲ್ಲಿ ಬಿಡಬೇಕೆಂದು ಅಳೆದು ತೂಗಿ ನಿರ್ಧರಿಸುವವರು ಇರುತ್ತಾರೆ. ಎರಡು ಮೂರು ಕುದುರೆ ಸಾಕಿಕೊಂಡವರಿಗೆ, ಒಂದೇ ಕುದುರೆಯ ದುಡಿಮೆಯಲ್ಲಿ ಮನೆ ನಡೆಸುವ ಜಟಕಾದವರಿಗೆ ಆ ಅನುಕೂಲವಿಲ್ಲ. ಅವರ ಪಾಲಿಗೆ ಒಂದು ಒದೆ ಎಂದರೆ ತಿಂಗಳುಗಟ್ಟಲೆ ಆದಾಯ ನಿಂತಂತೆ. ಕಾಲಿನ ಉದ್ದ ಮೂಳೆ ಪೂರ್ತಿ ಮುರಿಯಿತೆಂದರೆ ಕುದುರೆಯೇ ಹೋದಂತೆ, ಏಕೆಂದರೆ ನಾಲ್ಕು ಐದು ಕ್ವಿಂಟಲ್ ತೂಗುವ ಪ್ರಾಣಿಯನ್ನು ಮೂರು ಕಾಲಿನ ಮೇಲೆ ವಾರಗಟ್ಟಲೆ ನಿಲ್ಲಿಸಿ ಮೂಳೆ ಕೂಡಿಸುವುದು ಇಂದಿಗೂ ಬಹಳ ಕಷ್ಟದ ಕೆಲಸ.

ಹಾಗಾದರೆ ಕುದುರೆಗಳನ್ನು ಒಂದೊಂದಾಗಿಯೇ ಕಟ್ಟಿಹಾಕಿದರೆ ಆಗದೇ ಎಂದು ನೀವು ಕೇಳಬಹುದು. ಆಗದು. ಕುದುರೆ ಗುಂಪಿನಲ್ಲಿ ಬದುಕುವ ಪ್ರಾಣಿ. ಬಯಲಿನಲ್ಲಿ ವಿಕಾಸ ಹೊಂದಿದ ಈ ಬೇಟೆಯ ಮಿಗಕ್ಕೆ ಹತ್ತು ಕಣ್ಣುಗಳ ಕಾವಲಿದ್ದರೆ ಮಾತ್ರ ನಿಶ್ಚಿಂತೆಯಿಂದ ಮೇಯಲು, ಮಲಗಲು ಸಾಧ್ಯ. ಫ್ರಾನ್ಸಿನ ರೋನ್ ನದಿ ಸಮುದ್ರ ಸೇರುವ ಕಮಾರ್ಗ್ ಎಂಬ ಜೌಗು ಪ್ರದೇಶದಲ್ಲಿ ಬಿಳಿಯ ಕುದುರೆಗಳ ಹಿಂಡೊಂದನ್ನು 1970ರ ದಶಕದಿಂದ ವಿಜ್ಞಾನಿಗಳು ಗಮನಿಸುತ್ತ ಬಂದರು. ಕುದುರೆಗಳಲ್ಲಿ ಜೊತೆಗಾರರಿರುತ್ತಾರೆ, ಅವು ಎದುರುಬದುರು ನಿಂತು ಒಂದರ ಹೆಗಲಿನ ಉಬ್ಬನ್ನು ಇನ್ನೊಂದು ಹಲ್ಲಿನಿಂದ ಕೆರೆದುಕೊಡುತ್ತವೆ. ಆ ಜಾಗವನ್ನು ಹಾಗೆ ಕೆರೆದಾಗ ಕುದುರೆಯ ಹೃದಯ ಬಡಿತ ಇಳಿಯುತ್ತದೆ ಎಂದು ಅಲ್ಲಿನ ಕುದುರೆಗಳ ಮೇಲೆ ಕೆಲಸ ಮಾಡಿದ ಸಂಶೋಧಕರು 1993ರಲ್ಲಿ ಪ್ರಕಟಿಸಿದರು. ಒಂಟಿ ಲಾಯದಲ್ಲಿ ಕಟ್ಟಿದ ಕುದುರೆಗೆ ಒದೆ ಬೀಳುವುದಿಲ್ಲ, ನಿಜ; ಆದರೆ ಅದು ಮರ ಕಚ್ಚುವುದು, ನಿಂತಲ್ಲೇ ತೂಗಾಡುವುದು ಮುಂತಾದ ಚಟಗಳಿಗೆ ಬೀಳುತ್ತದೆ.

ಇನ್ನು ಅವುಗಳ ಮಾತಿನ ವರಸೆಯನ್ನು ನೋಡೋಣ. ಮೊದಲ ಮಾತು ಕಿವಿಯದು. ಕಿವಿ ಹಿಂದಕ್ಕೆ ತಿರುಗಿದ್ದರೆ ಹಿಂದಿನ ಸದ್ದು ಕೇಳುತ್ತಿದೆ ಎಂದಷ್ಟೇ ಅರ್ಥ. ಕುತ್ತಿಗೆಗೆ ಅಂಟಿದಂತೆ ಮಡಚಿಕೊಂಡಿದ್ದರೆ ಅದು ಬೆದರಿಕೆ. ಅದಕ್ಕೂ ಎದುರಿನದು ಸರಿಯದಿದ್ದರೆ ಕುತ್ತಿಗೆ ಚಾಚಿ, ತಲೆ ತಗ್ಗಿಸಿ, ಮೂಗಿನ ಹೊಳ್ಳೆಗಳನ್ನು ಸುಕ್ಕುಗಟ್ಟಿಸಿ ಮುನ್ನುಗ್ಗುತ್ತದೆ. ಬಳಿಕ ಕಚ್ಚುವಂತೆ ಹಲ್ಲು ತೋರಿಸುತ್ತದೆ. ಇದರ ಜೊತೆಗೋ ಬದಲಿಗೋ ಹಿಂಭಾಗವನ್ನು ಎದುರಾಳಿಯ ಕಡೆಗೆ ತಿರುಗಿಸುವುದು, ಬಾಲವನ್ನು ಚಾಟಿಯಂತೆ ಬೀಸುವುದು, ಒಂದು ಹಿಂಗಾಲನ್ನು ನೆಲದಿಂದ ಎತ್ತಿ ಹಿಡಿಯುವುದು ಇವೆಲ್ಲ ನಡೆಯುತ್ತವೆ. ಕೀರಲು ಧ್ವನಿಯ ಕಿರುಚೊಂದು ಕೇಳಿಸಬಹುದು. ಇಷ್ಟಾದ ಮೇಲೆ ಒದೆ.

ನನ್ನ ವೃತ್ತಿಯಿಂದ ಬಂದ ಒಂದು ಸೌಲಭ್ಯವನ್ನು ಇಲ್ಲಿ ಹೇಳಬೇಕು. ಟೆಲಿವಿಷನ್ ಚಿತ್ರ ಸೆಕೆಂಡಿಗೆ 25 ಚೌಕಟ್ಟುಗಳಂತೆ ಓಡುತ್ತದೆ. ಸಂಕಲನದ ಮೇಜಿನ ಮುಂದೆ ಕುಳಿತು ಒಂದೊಂದೇ ಚೌಕಟ್ಟನ್ನು ಮುಂದೆ ತಳ್ಳುತ್ತ ಕುದುರೆಗಳ ಜಗಳವನ್ನು ನೋಡಿದರೆ, ಬರಿಗಣ್ಣಿಗೆ ದಿಢೀರನೆ ಬಂದಂತೆ ಕಂಡ ಒದೆಗೆ ಮುಂಚೆ ಕಿವಿ, ಕುತ್ತಿಗೆ, ಬಾಲ, ಸೊಂಟ ಎಲ್ಲವೂ ಸರದಿಯಂತೆ ಮಾತಾಡಿರುವುದು ಕಾಣುತ್ತದೆ. ಒದೆಯ ಭಾಗ ಬಂದಾಗ ಮಾತ್ರ ಚೌಕಟ್ಟುಗಳು ಸಾಲದಾಗುತ್ತವೆ. ಗೊರಸು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬಂತೆಂದು ಇಟ್ಟುಕೊಳ್ಳಿ. ಒಂದು ಚೌಕಟ್ಟಿನಿಂದ ಮುಂದಿನ ಚೌಕಟ್ಟಿಗೆ ಅದು 32 ಸೆಂಟಿಮೀಟರ್ ದಾಟಿರುತ್ತದೆ. ಮನುಷ್ಯ ಕಂಡದ್ದಕ್ಕೆ ಪ್ರತಿಕ್ರಿಯಿಸಲು ಸುಮಾರು ಐದನೇ ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ ಗೊರಸು ಒಂದೂವರೆ ಮೀಟರ್‌ಗೂ ಹೆಚ್ಚು ಬಂದಿರುತ್ತದೆ. ಒದೆಯನ್ನು ಕಂಡು ತಪ್ಪಿಸಿಕೊಳ್ಳುತ್ತೇನೆ ಎನ್ನುವವನ ಲೆಕ್ಕ ತಪ್ಪುವುದು ಇಲ್ಲೇ.

ಎಲ್ಲ ಗುದ್ದಾಟವೂ ಜಗಳವಲ್ಲ ಎಂಬುದನ್ನೂ ಗಮನಿಸಬೇಕು. ಎಳೆಯ ಗಂಡು ಕುದುರೆಗಳು ಹಿಂಗಾಲಿನ ಮೇಲೆ ಎದ್ದು, ಕುತ್ತಿಗೆಗೆ ಕುತ್ತಿಗೆ ಹೆಣೆದು, ಮಂಡಿ ಕಚ್ಚಿ ಆಡುತ್ತವೆ. ಆಟದಲ್ಲಿ ಪಾತ್ರಗಳು ಅದಲುಬದಲಾಗುತ್ತಿರುತ್ತವೆ: ಈಗ ಓಡಿಸಿದ್ದು ಮರುಗಳಿಗೆಯಲ್ಲಿ ಓಡುತ್ತದೆ, ಓಡಿದ್ದು ತಾನಾಗಿಯೇ ಮರಳಿ ಬರುತ್ತದೆ. ಒಂದೇ ಕುದುರೆ ಸತತವಾಗಿ ಓಡಿಸುತ್ತಿದ್ದು, ಇನ್ನೊಂದು ಬೇಲಿಯ ಉದ್ದಕ್ಕೂ ಬೆವರುತ್ತ ಓಡುತ್ತಿದ್ದರೆ ಅದು ಆಟವಲ್ಲ. ನಮ್ಮ ಟೆಲಿವಿಷನ್ನಿನವರಿಗೆ ಎದ್ದುನಿಂತ ಗಂಡು ಕುದುರೆಗಳ ದೃಶ್ಯವೆಂದರೆ ಬಲು ಪ್ರೀತಿ. ಅದಕ್ಕೊಂದು ನಗಾರಿಯ ಹಿನ್ನೆಲೆ ಸಂಗೀತವನ್ನೂ ಸೇರಿಸಿಬಿಡುತ್ತೇವೆ. ಬಯಲಿನಲ್ಲಿ ನಿಜವಾದ ಹಾನಿ ಮಾಡುವುದು ಹೆಚ್ಚಾಗಿ ಆ ಅಬ್ಬರದ ಕಾಳಗವಲ್ಲ, ಮೇವಿನ ರಾಶಿಯ ಬಳಿ ಸದ್ದಿಲ್ಲದೆ ಹಿಂದಕ್ಕೆ ಚಿಮ್ಮಿದ ಒಂದು ಕಾಲು.

ಅಂತಹ ಒದೆ ಯಾವಾಗ ಬೀಳುತ್ತದೆ? ಮೊದಲನೆಯದಾಗಿ ಹೊಸ ಕುದುರೆ ಬಂದಾಗ. ಹಳೆಯ ಗುಂಪಿನಲ್ಲಿ ಯಾರು ಯಾರಿಗೆ ದಾರಿ ಬಿಡಬೇಕೆಂಬುದು ತೀರ್ಮಾನವಾಗಿರುತ್ತದೆ. ಹೊಸಬ ಬಂದೊಡನೆ ಎಲ್ಲವನ್ನೂ ಮತ್ತೆ ತೀರ್ಮಾನಿಸಬೇಕು. ಎರಡನೆಯದು ಮೇವು, ನೀರು, ಬಾಗಿಲು. ಇಡೀ ದಿನ ಹರಡಿ ಮೇಯುವ ಪ್ರಾಣಿಗಳನ್ನು ನಾವು ಹುರುಳಿಯ ಬಕೆಟ್ ಹಿಡಿದು ಒಂದೇ ಜಾಗಕ್ಕೆ ಕರೆಯುತ್ತೇವೆ. ಸಂಜೆ ಲಾಯಕ್ಕೆ ಮರಳುವ ಹೊತ್ತಿಗೆ ಎಲ್ಲವೂ ಇಕ್ಕಟ್ಟಾದ ಬಾಗಿಲ ಬಳಿ ಗುಂಪುಗೂಡುತ್ತವೆ. ಮೂರನೆಯದು ಹೆಣ್ಣು ಕುದುರೆ ಬೆದೆಗೆ ಬಂದಾಗ. ಆಗ ಬೀಜ ತೆಗೆಸಿದ ಗಂಡುಗಳ ನಡುವೆಯೂ ಪೈಪೋಟಿ ಹುಟ್ಟಬಹುದು. ಇದಲ್ಲದೆ, ಇಷ್ಟು ದಿನ ಸಾಧುವಾಗಿದ್ದ ಕುದುರೆ ಇದ್ದಕ್ಕಿದ್ದಂತೆ ಎಲ್ಲರ ಮೇಲೂ ಹರಿಹಾಯತೊಡಗಿದರೆ ಅದಕ್ಕೆ ಎಲ್ಲೋ ನೋವಿರಬಹುದು. ಬೆನ್ನು, ಹಲ್ಲು, ಹೊಟ್ಟೆಯ ಹುಣ್ಣು, ಹೆಣ್ಣಾದರೆ ಅಂಡಾಶಯದ ಗಡ್ಡೆ ಇವನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ತುಂಟ ಕುದುರೆ ಎಂದು ಹೆಸರಿಟ್ಟು ಚಾಟಿ ಎತ್ತುವುದು ನಮ್ಮಲ್ಲಿ ವಾಡಿಕೆ. ನನ್ನ ಅಭಿಪ್ರಾಯದಲ್ಲಿ ಹೊಡೆತ ತಿನ್ನುವ ಆ ಕುದುರೆಗಳಲ್ಲಿ ಬಹುಪಾಲು ನಿರಪರಾಧಿಗಳು. ತಪ್ಪು ಬಯಲಿನದು, ಬಯಲನ್ನು ಹಾಗೆ ಏರ್ಪಡಿಸಿದವರದು.

ಬಯಲಿನ ಅಳತೆಯ ಬಗ್ಗೆ ಒಂದು ಉಪಯುಕ್ತ ಸಂಖ್ಯೆ ಇದೆ. ಜರ್ಮನಿಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆ ಬೇರೆ ವಿಸ್ತೀರ್ಣದ ಆವರಣಗಳಲ್ಲಿ ಕುದುರೆಗಳ ಜಗಳಗಳನ್ನು ಎಣಿಸಿತು. ಜಾಗ ಹೆಚ್ಚಿದಂತೆ ಜಗಳ ಇಳಿಯಿತು. ತಲೆಗೆ ಸುಮಾರು 330 ಚದರ ಮೀಟರ್ ದಾಟಿದಾಗ ಸೊನ್ನೆಯ ಹತ್ತಿರಕ್ಕೆ ಬಂತು. ನಮ್ಮ ಊರುಗಳ ಲೆಕ್ಕದಲ್ಲಿ ಹೇಳುವುದಾದರೆ ಅದು 60×40 ಅಳತೆಯ ಒಂದೂವರೆ ನಿವೇಶನದಷ್ಟು. ಇದು ಮೇವಿಗೆ ಬೇಕಾದ ಜಮೀನಿನ ಲೆಕ್ಕವಲ್ಲ, ಅದಕ್ಕೆ ಇನ್ನೂ ಎಷ್ಟೋ ಹೆಚ್ಚು ಬೇಕು. ಇದು ಒಂದರಿಂದ ಒಂದು ಸರಿದುಹೋಗಲು ಬೇಕಾದ ಲೆಕ್ಕ.

ಜಾಗದಷ್ಟೇ ಅದರ ಆಕಾರವೂ ಮುಖ್ಯ. ಚೂಪಾದ ಮೂಲೆ ಇರುವ ಬಯಲಿನಲ್ಲಿ ಓಡಿಸಿಕೊಂಡು ಬಂದ ಕುದುರೆ ಆ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಲೆಗೆ ಅಡ್ಡಲಾಗಿ ಎರಡು ಮರದ ತೊಲೆ ಕಟ್ಟಿ ಅದನ್ನು ಬಳಸುದಾರಿಯಾಗಿ ಮಾಡಿದರೆ ಅದು ಓಡುತ್ತಲೇ ತಿರುಗಿ ಪಾರಾಗುತ್ತದೆ. ನೆರಳಿನ ಕೊಟ್ಟಿಗೆಗೆ ಒಂದೇ ಬಾಗಿಲಿದ್ದರೆ ಒಳಗೆ ನಿಂತ ದುರ್ಬಲ ಕುದುರೆಗೆ ಅದು ಬೋನು. ಎರಡು ಕಡೆ ತೆರೆದಿರಬೇಕು. ಮುಳ್ಳುತಂತಿಯ ಬೇಲಿಯಂತೂ ಕುದುರೆಗಳಿಗೆ ಕೂಡದು. ಒದೆಯಿಂದ ತಪ್ಪಿಸಿಕೊಂಡದ್ದು ತಂತಿಗೆ ಸಿಕ್ಕಿ ಕಾಲು ಸೀಳಿಕೊಳ್ಳುತ್ತದೆ.

ಮೇವಿನ ವಿಚಾರದಲ್ಲಿ ನಮಗೆ ಸಂಗೀತ ಕುರ್ಚಿಯ ಆಟ ನೆನಪಿದ್ದರೆ ಸಾಕು. ಆ ಆಟದಲ್ಲಿ ನೂಕಾಟ ಆಗಲೆಂದೇ ಒಂದು ಕುರ್ಚಿ ಕಡಿಮೆ ಇಡುತ್ತೇವೆ. ಬಯಲಿನಲ್ಲಿ ಅದರ ತದ್ವಿರುದ್ಧ ಮಾಡಬೇಕು: ಆರು ಕುದುರೆಗಳಿದ್ದರೆ ಏಳೋ ಎಂಟೋ ಹುಲ್ಲಿನ ರಾಶಿ. ಬಲಶಾಲಿ ಕುದುರೆ ಒಂದು ರಾಶಿಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಎಬ್ಬಿಸಲ್ಪಟ್ಟದ್ದಕ್ಕೆ ಖಾಲಿ ರಾಶಿಯೊಂದು ಯಾವಾಗಲೂ ಸಿಗುತ್ತದೆ. ರಾಶಿಗಳನ್ನು ಬೇಲಿಯ ಗುಂಟ ಸಾಲಾಗಿ ಹಾಕದೆ ಬಯಲಿನ ನಡುವೆ ದೊಡ್ಡ ವೃತ್ತವಾಗಿ, ಒಂದು ಕುದುರೆ ಹಿಂಗಾಲು ಚಾಚಿದರೂ ಪಕ್ಕದ್ದಕ್ಕೆ ತಾಗದಷ್ಟು ದೂರದೂರಕ್ಕೆ ಹಾಕಬೇಕು. ಹುರುಳಿ, ಬೂಸಾದಂತಹ ತಿಂಡಿಯನ್ನು ಗುಂಪಿನಲ್ಲಿ ಕೊಡದೆ ಬೇರೆ ಬೇರೆ ಕಟ್ಟಿಯೇ ಕೊಡಬೇಕು. ನೀರಿನ ತೊಟ್ಟಿ ಎರಡಿದ್ದರೆ ಒಳ್ಳೆಯದು.

ಹೊಸ ಕುದುರೆಯನ್ನು ನೇರವಾಗಿ ಗುಂಪಿನೊಳಗೆ ಬಿಡಬಾರದು. ಮೊದಲು ಕೆಲವು ದಿನ ಗಟ್ಟಿಮುಟ್ಟಾದ ಬೇಲಿಯ ಆಚೆ ಈಚೆ ಇರಲಿ. ಮೂಸಿ, ಕಿರುಚಿ, ಪರಿಚಯ ಮಾಡಿಕೊಳ್ಳಲಿ. ಅನಂತರ ಗುಂಪಿನ ಒಂದು ಸಾಧು ಕುದುರೆಯನ್ನು ಮಾತ್ರ ಅದರ ಜೊತೆ ಬಿಡಬೇಕು. ಆ ಇಬ್ಬರು ಜೊತೆಗಾರರಾದ ಮೇಲೆ ಇಬ್ಬರನ್ನೂ ಕೂಡಿಯೇ ಗುಂಪಿಗೆ ಸೇರಿಸಬೇಕು. ಇದನ್ನೆಲ್ಲ ಹಗಲಿನಲ್ಲಿ, ಎಲ್ಲವೂ ಹೊಟ್ಟೆ ತುಂಬಿಸಿಕೊಂಡಿರುವಾಗ, ನೋಡಿಕೊಳ್ಳಲು ಜನ ಇರುವಾಗ ಮಾಡಬೇಕು.

ಇನ್ನು ಲಾಳದ ವಿಷಯ. ಇಲ್ಲಿ ನಿಮ್ಮ ಭೌತಶಾಸ್ತ್ರ ಕೆಲಸಕ್ಕೆ ಬರುತ್ತದೆ. ಸ್ವಿಟ್ಜರ್ಲೆಂಡಿನ ಜೂರಿಚ್‌ನ ಸಂಶೋಧಕರು ಸತ್ತ ಕುದುರೆಗಳ ಕಾಲಿನ ಉದ್ದ ಮೂಳೆಗಳನ್ನು ತೆಗೆದುಕೊಂಡು, ಒದೆಯನ್ನು ಅನುಕರಿಸುವ ಯಂತ್ರದಿಂದ ಅವಕ್ಕೆ ಹೊಡೆತ ಕೊಟ್ಟು ನೋಡಿದರು. ಹೊಡೆಯುವ ತುದಿಗೆ ಒಮ್ಮೆ ಉಕ್ಕಿನ ಲಾಳ, ಒಮ್ಮೆ ಅಲ್ಯೂಮಿನಿಯಂ ಲಾಳ, ಒಮ್ಮೆ ಪಾಲಿಯುರೆಥೇನ್ ಎಂಬ ಮೆತುವಾದ ವಸ್ತುವಿನ ಲಾಳ, ಒಮ್ಮೆ ಲಾಳವಿಲ್ಲದ ಬರಿ ಗೊರಸು. 2017ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಉಕ್ಕಿನ ಲಾಳದಿಂದ ಮೂಳೆ ಮುರಿಯುವ ಸಂಭವ ಶೇಕಡ 75, ಅಲ್ಯೂಮಿನಿಯಂನಿಂದ ಶೇಕಡ 81. ಪಾಲಿಯುರೆಥೇನ್ ಮತ್ತು ಬರಿ ಗೊರಸಿನ ಹೊಡೆತಕ್ಕೆ ಒಂದು ಮೂಳೆಯೂ ಮುರಿಯಲಿಲ್ಲ. ವೇಗವನ್ನು 12 ಮೀಟರ್‌ಗೆ ಏರಿಸಿದ ಪರೀಕ್ಷೆಯನ್ನು ಪಾಲಿಯುರೆಥೇನ್ ಮತ್ತು ಬರಿ ಗೊರಸಿಗೆ ಮಾತ್ರ ಮಾಡಿದರು. ಆಗ ಮೂಳೆ ಮುರಿಯುವ ಸಂಭವ ಪಾಲಿಯುರೆಥೇನ್ ಲಾಳದಿಂದ ಶೇಕಡ 25, ಬರಿ ಗೊರಸಿನಿಂದ ಶೇಕಡ 12.5 ಇತ್ತು.

ಅಲ್ಯೂಮಿನಿಯಂ ಉಕ್ಕಿಗಿಂತ ಎಷ್ಟೋ ಹಗುರ. ಆದರೂ ಹಾನಿಯಲ್ಲಿ ಅದು ಹಿಂದೆ ಬೀಳಲಿಲ್ಲ. ಇದರಿಂದ ತೂಕಕ್ಕಿಂತ ಗಡಸುತನ ಮುಖ್ಯವೆಂದು ತಿಳಿಯುತ್ತದೆ. ಕ್ರಿಕೆಟ್ ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಲ್ಲವೇ? ಚೆಂಡಿನ ಸಂವೇಗ ಅಷ್ಟೇ. ಅದು ಸೊನ್ನೆಯಾಗಲು ತೆಗೆದುಕೊಳ್ಳುವ ಕಾಲವನ್ನು ನೀವು ಹೆಚ್ಚಿಸಿದಿರಿ, ಆದ್ದರಿಂದ ಕೈಗೆ ಬೀಳುವ ಬಲ ಕಡಿಮೆಯಾಯಿತು. ಗೊರಸಿನ ಕೊಂಬಿನಂತಹ ವಸ್ತು ಹೊಡೆತದ ಕ್ಷಣದಲ್ಲಿ ಕೊಂಚ ಬಾಗಿ, ಕೊಂಚ ಅದುಮಿಕೊಂಡು ಅದೇ ಕೆಲಸ ಮಾಡುತ್ತದೆ. ಲೋಹ ಬಾಗುವುದಿಲ್ಲ. ಇಡೀ ಸಂವೇಗ ಕಣ್ಣು ಮಿಟುಕಿಸುವುದಕ್ಕೂ ಮುಂಚೆ, ಲಾಳದ ಅಂಚಿನಷ್ಟು ಸಣ್ಣ ಜಾಗದ ಮೂಲಕ ಮೂಳೆಗೆ ಇಳಿಯುತ್ತದೆ. ಬರಿ ಗೊರಸಿನ ಒದೆ ನಿರಪಾಯಕಾರಿ ಎಂದು ಇದರರ್ಥವಲ್ಲ. ಅದು ಮಾಂಸ ಜಜ್ಜಬಲ್ಲದು, ಕೀಲನ್ನು ಕೆಡಿಸಬಲ್ಲದು, ಮರಿಯ ಎಳೆಯ ಮೂಳೆಯನ್ನು ಮುರಿಯಲೂಬಹುದು. ಆದರೂ ಗುಂಪಿನಲ್ಲಿ ಬಿಡುವ ಕುದುರೆಗಳ ಹಿಂಗಾಲಿಗೆ ಲೋಹದ ಲಾಳ ಇರಬಾರದು ಎಂಬ ನಿಯಮಕ್ಕೆ ಇಷ್ಟು ಸ್ಪಷ್ಟವಾದ ಆಧಾರವಿದೆ. ಡಾಂಬರು ರಸ್ತೆಯಲ್ಲಿ ದಿನವೆಲ್ಲ ಓಡುವ ಜಟಕಾ ಕುದುರೆಗೆ ಲಾಳ ತೆಗೆಸುವಂತಿಲ್ಲ, ಗೊರಸು ಸವೆದುಹೋಗುತ್ತದೆ. ಅಂತಹವನ್ನು ರಾತ್ರಿ ಗುಂಪಿನಲ್ಲಿ ಬಿಡದೆ, ಹೊಂದಿಕೊಂಡ ಒಂದೇ ಜೊತೆಗಾರನ ಪಕ್ಕದಲ್ಲಿ, ನಡುವೆ ತಡೆ ಇಟ್ಟು ಕಟ್ಟುವುದು ಲೇಸು.

ಎಷ್ಟು ಎಚ್ಚರ ವಹಿಸಿದರೂ ಒಂದು ದಿನ ಜಗಳ ಆಗಿಯೇ ಆಗುತ್ತದೆ. ಆಗ ನೀವು ಮಾಡಬೇಕಾದ ಮೊದಲ ಕೆಲಸ, ನಡುವೆ ಹೋಗದಿರುವುದು. ಬೆದರಿದ ಕುದುರೆಗೆ ನೀವು ಕಾಣುವುದಿಲ್ಲ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲೂ ಬಹುತೇಕ ಎಲ್ಲವೂ ಕಾಣುತ್ತದೆ, ನಿಜ. ಆದರೆ ಬಾಲದ ನೇರ ಹಿಂದಿನ ಜಾಗ ಮಾತ್ರ ಕುರುಡು. ಅಲ್ಲಿಂದ ಏನು ಬಂದರೂ ಅದು ಶತ್ರುವೇ. ಬೇಲಿಯ ಹೊರಗೆ ನಿಂತು ಖಾಲಿ ಬಕೆಟ್ ಬಡಿಯಿರಿ, ಗಟ್ಟಿಯಾಗಿ ಕೂಗಿ. ಓಡಿಸಿಕೊಳ್ಳುತ್ತಿರುವ ಕುದುರೆಗೆ ಪಕ್ಕದ ಆವರಣದ ಬಾಗಿಲು ತೆರೆದುಕೊಡಿ. ಅದು ತಾನಾಗಿಯೇ ನುಗ್ಗುತ್ತದೆ. ತಿಂಡಿಯ ಬಕೆಟ್ ತೋರಿಸಿ ಸಮಾಧಾನ ಮಾಡುವ ಉಪಾಯ ಬಹಳ ಅಪಾಯದ್ದು. ಜಗಳವಾಡುತ್ತಿದ್ದವೆಲ್ಲ ನಿಮ್ಮ ಸುತ್ತ ಸೇರಿ, ಜಗಳ ನಿಮ್ಮ ಕಾಲ ಬಳಿಯೇ ಮುಂದುವರಿಯುತ್ತದೆ. ಒಳಗೆ ಹೋಗಲೇಬೇಕಾದರೆ ಎಲ್ಲವೂ ನಿಂತು ಉಸಿರು ಬಿಡುವ ತನಕ ಕಾಯಿರಿ, ಇನ್ನೊಬ್ಬರನ್ನು ಕರೆದುಕೊಳ್ಳಿ, ಹೆಗಲಿನ ಕಡೆಯಿಂದ ಮಾತಾಡಿಸುತ್ತ ಹತ್ತಿರ ಹೋಗಿ. ಶಾಲಾ ಮಕ್ಕಳು ಈ ಕೆಲಸಕ್ಕೆ ಕೈಹಾಕಬಾರದು, ದೊಡ್ಡವರನ್ನು ಕರೆಯಬೇಕು.

ಈಗ ಗಾಯ. ಕುದುರೆ ಒಂದು ಕಾಲನ್ನು ನೆಲಕ್ಕೆ ಊರುತ್ತಲೇ ಇಲ್ಲವೆಂದರೆ ಅದನ್ನು ನಡೆಸಬೇಡಿ. ಉಳಿದ ಕುದುರೆಗಳನ್ನು ಅಲ್ಲಿಂದ ಹೊರಗೆ ಕಳಿಸಿ. ಬೇಲಿಯಾಚೆ ಕಾಣುವಂತೆ ಸಾಧುವಾದ ಒಂದನ್ನು ಉಳಿಸಿಕೊಂಡರೆ ಗಾಯಗೊಂಡದ್ದು ಗಾಬರಿಯಾಗುವುದಿಲ್ಲ. ಪಶುವೈದ್ಯರಿಗೆ ಹೇಳಿಕಳಿಸಿ, ನಮ್ಮ ರಾಜ್ಯದಲ್ಲಿ ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ಅವರು ಬರುವಷ್ಟರಲ್ಲಿ ನಾಡಿ ಎಣಿಸಿಟ್ಟುಕೊಂಡರೆ ಅವರಿಗೆ ಸಹಾಯವಾಗುತ್ತದೆ. ಕೆಳದವಡೆಯ ಒಳಅಂಚಿನಲ್ಲಿ ಬೆರಳಿಟ್ಟರೆ ರಕ್ತನಾಳ ಸಿಗುತ್ತದೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ಇಷ್ಟು ದೊಡ್ಡ ಪ್ರಾಣಿಯ ಹೃದಯ ನಮ್ಮದಕ್ಕಿಂತ ಎಷ್ಟು ನಿಧಾನ ನೋಡಿ! ಒದೆ ತಿಂದು ಅರ್ಧ ಗಂಟೆಯಾದರೂ ನಾಡಿ 60ರ ಮೇಲೆಯೇ ಇದ್ದರೆ ನೋವೋ ರಕ್ತಸ್ರಾವವೋ ಒಳಗೆ ನಡೆಯುತ್ತಿದೆ ಎಂದು ಶಂಕಿಸಬೇಕು.

ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯ ದಪ್ಪ ಮಡಿಕೆಯನ್ನು ಗಾಯದ ಮೇಲೆ ಒತ್ತಿ, ಬಿಗಿಯಾಗಿ ಸುತ್ತಬೇಕು. ಬಟ್ಟೆ ನೆನೆದರೆ ತೆಗೆಯದೆ ಅದರ ಮೇಲೆಯೇ ಇನ್ನೊಂದನ್ನು ಸುತ್ತಬೇಕು. 450 ಕಿಲೋ ತೂಗುವ ಕುದುರೆಯ ಮೈಯಲ್ಲಿ ಸುಮಾರು 35 ಲೀಟರ್ ರಕ್ತವಿರುತ್ತದೆ. ನೆಲದ ಮೇಲೆ ಚೆಲ್ಲಿದ ಒಂದು ಲೀಟರ್ ಕಣ್ಣಿಗೆ ಭಯಂಕರವಾಗಿ ಕಂಡರೂ ಅದರಿಂದ ಪ್ರಾಣ ಹೋಗುವುದಿಲ್ಲ. ರಕ್ತ ನಿಂತ ಗಾಯವನ್ನು ಕುದಿಸಿ ಆರಿಸಿದ ನೀರಿನಿಂದ, ಲೀಟರಿಗೆ 9 ಗ್ರಾಂ ಉಪ್ಪು ಹಾಕಿ ತೊಳೆಯಬಹುದು. ಅರಿಶಿನ, ಬೂದಿ, ಕಾಫಿಪುಡಿ, ಸೀಮೆಎಣ್ಣೆ ಯಾವುದನ್ನೂ ಹಾಕಬಾರದು. ಮನೆಮದ್ದನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಪುಡಿ ತುಂಬಿದ ಗಾಯದ ಆಳ ವೈದ್ಯರಿಗೆ ಕಾಣುವುದಿಲ್ಲ. ಅದನ್ನು ಕೆರೆದು ತೆಗೆಯುವಾಗ ಗಾಯ ಇನ್ನಷ್ಟು ದೊಡ್ಡದಾಗುತ್ತದೆ.

ಚರ್ಮ ಹರಿಯದೆ ಬರಿ ಊದಿಕೊಂಡಿದ್ದರೆ ಹದಿನೈದು ಇಪ್ಪತ್ತು ನಿಮಿಷ ತಣ್ಣೀರು ಹರಿಸುವುದು, ದಿನಕ್ಕೆ ಎರಡು ಮೂರು ಬಾರಿ, ಸಾಕು. ಬಹುತೇಕ ಒದೆಗಳು ಇಷ್ಟರಲ್ಲೇ ವಾಸಿಯಾಗುತ್ತವೆ. ಕಣ್ಣಿಗೆ, ತಲೆಗೆ ಬಿದ್ದ ಒದೆಗೆ ಮಾತ್ರ ಕಾಯಬಾರದು. ಹೊಟ್ಟೆಗೆ, ಪಕ್ಕೆಗೆ ಬಿದ್ದಿದ್ದರೆ ಒಂದೆರಡು ದಿನ ಉಸಿರಾಟ, ಒಸಡಿನ ಬಣ್ಣ, ಮೇವು ತಿನ್ನುವುದು ಇವನ್ನು ಗಮನಿಸಬೇಕು.

ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಎರಡು ಬಗೆಯ ಗಾಯಗಳ ವಿಷಯ. ಎರಡೂ ನೋಡಲು ಅಲ್ಪವಾಗಿ ಕಾಣುತ್ತವೆ, ಎರಡೂ ಕುದುರೆಯನ್ನು ಕೊಲ್ಲಬಲ್ಲವು.

ಮೊದಲನೆಯದು ಕೀಲಿನ ಬಳಿಯ ಸಣ್ಣ ಗಾಯ. ಕುದುರೆಯ ಮುಂಗಾಲಿನಲ್ಲಿ ನಾವು ಮೊಣಕಾಲು ಎನ್ನುವುದು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮನಾದ ಕೀಲು. ಹಿಂಗಾಲಿನ ನಡುವೆ ಹಿಂದಕ್ಕೆ ಚೂಪಾಗಿ ಕಾಣುವುದು ನಮ್ಮ ಹಿಮ್ಮಡಿ. ಅವುಗಳ ಕೆಳಗೆ ಮಾಂಸಖಂಡವೇ ಇಲ್ಲ. ಚರ್ಮ, ಸ್ನಾಯುರಜ್ಜು, ಮೂಳೆ, ಇಷ್ಟೇ. ಒಂದು ಸೆಂಟಿಮೀಟರ್ ಗಾಯವೂ ನೇರವಾಗಿ ಕೀಲಿನ ಚೀಲಕ್ಕೆ ಅಥವಾ ಸ್ನಾಯುರಜ್ಜಿನ ಕೋಶಕ್ಕೆ ತಲುಪಬಹುದು. ಗಾಯದಿಂದ ಹಳದಿ ಬಣ್ಣದ, ಮೊಟ್ಟೆಯ ಬಿಳಿಯಂತೆ ಎಳೆಯಾಗಿ ಜಾರುವ ದ್ರವ ಬಂದರೆ ಕೀಲು ತೆರೆದಿದೆ ಎಂದೇ ತಿಳಿಯಬೇಕು. ಮೋಸ ಏನೆಂದರೆ ಮೊದಲ ದಿನ ಕುದುರೆ ಚೆನ್ನಾಗಿಯೇ ನಡೆಯಬಹುದು, ಏಕೆಂದರೆ ದ್ರವ ಹೊರಗೆ ಹರಿಯುತ್ತಿರುವಾಗ ಒಳಗೆ ಒತ್ತಡವಿರುವುದಿಲ್ಲ. ಗಾಯದ ಬಾಯಿ ಮುಚ್ಚಿದ ಮೇಲೆ ಕೀವು ಕಟ್ಟಿ, ಮೃದ್ವಸ್ಥಿ ಕರಗತೊಡಗುತ್ತದೆ. ಅಂದೇ ಆಸ್ಪತ್ರೆಗೆ ಒಯ್ದು ಕೀಲನ್ನು ತೊಳೆಸಿದರೆ ಬದುಕುವ ಕುದುರೆ, ವಾರ ಕಳೆದು ಬಂದರೆ ಉಳಿಯುವುದು ಕಷ್ಟ.

ಎರಡನೆಯದು ಮೂಳೆಯ ಬಿರುಕು. ನಿಮ್ಮ ಮೊಣಕಾಲಿನ ಕೆಳಗೆ ಮುಂಭಾಗವನ್ನು ಬೆರಳಿನಿಂದ ಒತ್ತಿ ನೋಡಿ. ಚರ್ಮದ ಅಡಿಯಲ್ಲೇ ಮೂಳೆ ಸಿಗುತ್ತದೆ. ಅದೇ ಟಿಬಿಯಾ. ಕುದುರೆಯಲ್ಲಿ ಈ ಮೂಳೆ ಹಿಂಗಾಲಿನ ಮೇಲ್ಭಾಗದಲ್ಲಿದೆ. ಅದರ ಒಳಪಕ್ಕಕ್ಕೂ ಮಾಂಸದ ಹೊದಿಕೆ ಇಲ್ಲ. ಮುಂಗಾಲಿನ ರೇಡಿಯಸ್ ಮೂಳೆಯದೂ ಇದೇ ಪಾಡು. ಅಲ್ಲಿ ಒದೆ ಬಿದ್ದು ಸಣ್ಣ ಗಾಯವಾಗಿ, ಕುದುರೆ ಕೊಂಚ ಕುಂಟುತ್ತಿದ್ದರೆ ಮೂಳೆಯಲ್ಲಿ ಕೂದಲೆಳೆಯಂತಹ ಸೀಳು ಇರಬಹುದು. ಅಂದಿನ ಎಕ್ಸ್‌ರೇಯಲ್ಲಿ ಅದು ಕಾಣದೇ ಹೋಗಬಹುದು. ಸೀಳಿನ ಅಂಚಿನ ಮೂಳೆ ಕರಗಿ ಗೆರೆ ಅಗಲವಾದ ಮೇಲೆ, ಹತ್ತು ಹದಿನಾಲ್ಕು ದಿನಗಳ ಅನಂತರ, ಮತ್ತೆ ತೆಗೆದ ಚಿತ್ರದಲ್ಲಿ ಕಾಣುತ್ತದೆ. ಈ ನಡುವೆ ಕುದುರೆ ಮಲಗಿ ಎದ್ದರೆ? ಏಳುವಾಗ ಇಡೀ ಮೈಭಾರ ಆ ಕಾಲಿನ ಮೇಲೆ ತಿರುಚಿಕೊಂಡು ಬೀಳುತ್ತದೆ. ಸೀಳು ಒಮ್ಮೆಲೇ ಪೂರ್ಣ ಮುರಿತವಾಗುತ್ತದೆ. ಆದ್ದರಿಂದಲೇ ಶಂಕೆ ಇರುವ ಕುದುರೆಯನ್ನು ಮಲಗಲು ಆಗದಂತೆ ತಲೆ ಎತ್ತರಕ್ಕೆ ಕಟ್ಟಿ, ಮೇವು ನೀರು ಎದುರಿಗೇ ಇಟ್ಟು, ವೈದ್ಯರು ಹೇಳುವಷ್ಟು ವಾರ ನಿಲ್ಲಿಸುತ್ತಾರೆ. ಕುದುರೆಗೆ ಇದು ಸಾಧ್ಯವಾಗುವುದು ಅದರ ಕಾಲಿನ ವಿಶೇಷ ರಚನೆಯಿಂದ. ಹಿಂಗಾಲಿನ ಮಂಡಿಚಿಪ್ಪು ತೊಡೆಮೂಳೆಯ ತುದಿಯ ಉಬ್ಬಿಗೆ ಕೊಂಡಿಯಂತೆ ಸಿಕ್ಕಿಕೊಳ್ಳುತ್ತದೆ, ಸ್ನಾಯುಗಳು ದಣಿಯದೆ ಕಾಲು ನೆಟ್ಟಗೆ ನಿಲ್ಲುತ್ತದೆ. ನೋವಿನ ಮಾತ್ರೆಯನ್ನು ನಾವೇ ಕೊಟ್ಟುಬಿಡಬಾರದು ಎಂಬುದಕ್ಕೂ ಇಲ್ಲಿಯೇ ಕಾರಣವಿದೆ. ನೋವು ಮರೆಯಾದ ಕುದುರೆ ಸೀಳಿದ ಕಾಲಿನ ಮೇಲೆ ಪೂರ್ತಿ ಭಾರ ಹಾಕುತ್ತದೆ.

ಗಾಯ ಯಾವುದೇ ಇರಲಿ, ಧನುರ್ವಾಯುವಿನ ಲಸಿಕೆಯನ್ನು ಮರೆಯಬಾರದು. ಕ್ಲಾಸ್ಟ್ರಿಡಿಯಂ ಟೆಟಾನಿ ಎಂಬ ಈ ರೋಗಾಣು ಮಣ್ಣಿನಲ್ಲಿದೆ, ಕುದುರೆಯ ಲದ್ದಿಯಲ್ಲೂ ಇದೆ. ಸಾಕುಪ್ರಾಣಿಗಳಲ್ಲಿ ಅದರ ವಿಷಕ್ಕೆ ಅತಿ ಸುಲಭವಾಗಿ ಬಲಿಯಾಗುವುದೂ ಕುದುರೆಯೇ. ವಿಚಿತ್ರವೆಂದರೆ ಮನುಷ್ಯರನ್ನು ಧನುರ್ವಾಯುವಿನಿಂದ ಕಾಪಾಡಿದ ಪ್ರತಿವಿಷದ ಸೀರಮ್ಮನ್ನು ದಶಕಗಳ ಕಾಲ ನಾವು ಪಡೆದದ್ದು ಕುದುರೆಗಳ ರಕ್ತದಿಂದ.

ಎರಡು ತಿಂಗಳು ಒಂಟಿಯಾಗಿ ಕಟ್ಟಿ ಗುಣಪಡಿಸಿದ ಕುದುರೆಯನ್ನು ಒಂದು ಬೆಳಿಗ್ಗೆ ಹಳೆಯ ಬಯಲಿಗೆ ಅಟ್ಟಿ ಬರುವವರಿದ್ದಾರೆ. ತನ್ನದೇ ಗುಂಪಲ್ಲವೇ ಎಂಬುದು ಅವರ ಲೆಕ್ಕ. ಕುದುರೆಗಳ ಲೆಕ್ಕದಲ್ಲಿ ಅದರ ಸ್ಥಾನವನ್ನು ಅಷ್ಟರಲ್ಲಿ ಇನ್ನೊಂದು ತೆಗೆದುಕೊಂಡಿರುತ್ತದೆ, ಮತ್ತು ಮರಳಿ ಬಂದದ್ದು ಓಡುವುದರಲ್ಲಿ ಹಿಂದೆ ಬಿದ್ದಿರುತ್ತದೆ. ಅದನ್ನು ಹೊಸ ಕುದುರೆಯೆಂದೇ ಎಣಿಸಬೇಕು: ಮೊದಲು ಬೇಲಿಯಾಚೆ ಕೆಲವು ದಿನ, ಆಮೇಲೆ ಹೆಗಲು ಕೆರೆದುಕೊಡುತ್ತಿದ್ದ ಹಳೆಯ ಜೊತೆಗಾರನೊಂದಿಗೆ ಒಂದು ವಾರ, ಬಳಿಕ ಉಳಿದವುಗಳ ಹಿಂಗಾಲಿನ ಲಾಳ ಬಿಚ್ಚಿಸಿ, ಹುಲ್ಲಿನ ರಾಶಿಗಳನ್ನು ಮೊದಲೇ ದೂರದೂರಕ್ಕೆ ಹಾಕಿಟ್ಟು, ಹಗಲು ಹೊತ್ತಿನಲ್ಲಿ ಬಾಗಿಲು ತೆರೆಯಬೇಕು. ಆ ದಿನ ಸಂಜೆಯವರೆಗೂ ಯಾರಾದರೂ ಒಬ್ಬರು ಬೇಲಿಯ ಬಳಿ ಕುಳಿತಿರಬೇಕು.